ಒಂದು ಕ್ಯಾಸೆಟ್, ನಾಲ್ವರು ಕಲಾವಿದರು: ‘ಕಂದೀಸಾ’ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮಲ್ಲಿ ಹೆಚ್ಚಿನವರು ಗಾಯಕರ ಅಭಿಮಾನಿಗಳು, ಕೆಲವರು ಸಂಗೀತ ನಿರ್ದೇಶಕರ ಅಭಿಮಾನಿಗಳು. ನಮ್ಮ ಮನೆಯಲ್ಲಿಯೇ ಪಿ.ಬಿ. ಶ್ರೀನಿವಾಸ್ ಅವರ ಪಕ್ಷ ಒಂದು, ರಾಜನ್–ನಾಗೇಂದ್ರ ಅವರ ಪಕ್ಷ ಇನ್ನೊಂದು. ಆದರೆ ಒಂದು ಬ್ಯಾಂಡಿಗೆ ಜನ ವರ್ಷಗಟ್ಟಲೆ ನಿಷ್ಠರಾಗಿ ಉಳಿಯುವುದು ಹೇಗೆ ಎಂಬುದು ನನಗೆ ಅರ್ಥವಾಗಿಲ್ಲ. ನಿಮ್ಮನ್ನು ಹಾಗೆ ಹಿಡಿದುಕೊಂಡ ಮೊದಲ ಆಲ್ಬಂ ಯಾವುದು? ಅದರಲ್ಲಿ ಅಂಥದ್ದೇನಿತ್ತು?
— ಓದುಗರೊಬ್ಬರು, ಧಾರವಾಡ

ಉತ್ತರ: ದೆಹಲಿಯ ‘ಇಂಡಿಯನ್ ಓಷನ್’ ತಂಡದ ‘ಕಂದೀಸಾ’. ಅದು 2000ನೇ ಇಸವಿಯಲ್ಲಿ ಟೈಮ್ಸ್ ಮ್ಯೂಸಿಕ್ ಮೂಲಕ ಹೊರಬಂತು. ಅದರ ಶೀರ್ಷಿಕೆ ಗೀತೆಯ ಹೆಸರು ಆಗ ಎಲ್ಲರ ಬಾಯಲ್ಲಿತ್ತು. ಸ್ನೇಹಿತರೊಬ್ಬರು ಆ ಒಂದು ಹಾಡನ್ನು ಕೇಳಲೆಂದೇ ತಮ್ಮ ಕ್ಯಾಸೆಟ್ಟನ್ನು ನನಗೆ ಕೊಟ್ಟಿದ್ದರು. ಅದರಲ್ಲಿದ್ದ ಏಳು ಹಾಡುಗಳಲ್ಲಿ ಉಳಿದ ಆರರ ದೆಸೆಯಿಂದ ಆ ಕ್ಯಾಸೆಟ್ ಬಹುಕಾಲ ನನ್ನಲ್ಲಿಯೇ ಉಳಿಯಿತು.

ನಿಮ್ಮ ಪ್ರಶ್ನೆಯೊಳಗೇ ಉತ್ತರದ ಅರ್ಧಭಾಗವಿದೆ. ನಾವು ಬೆಳೆದದ್ದು ಚಿತ್ರಗೀತೆ ಕೇಳಿಕೊಂಡು. ಅಲ್ಲಿ ದನಿ ಮುಂದೆ ನಿಲ್ಲುತ್ತದೆ, ವಾದ್ಯವೃಂದ ಹಿಂದೆ ನಿಲ್ಲುತ್ತದೆ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಆ ಸೊಗಸಾದ ಕೊಳಲನ್ನೋ ಮ್ಯಾಂಡೊಲಿನ್ನನ್ನೋ ನುಡಿಸಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮ ಅಭಿಮಾನ ಸಹಜವಾಗಿ ಹಾಡುವ ಕಂಠವನ್ನೋ ಸ್ವರ ಸಂಯೋಜಿಸಿದ ಹೆಸರನ್ನೋ ಹುಡುಕಿಕೊಂಡು ಹೋಗುತ್ತದೆ. ‘ಕಂದೀಸಾ’ ಕೇಳುವಾಗ ಆ ಅಭ್ಯಾಸ ನೆರವಿಗೆ ಬರುವುದಿಲ್ಲ, ಏಕೆಂದರೆ ಅಲ್ಲಿ ಹೀಗೆ ಒಬ್ಬರೇ ಮುಂದೆ ನಿಂತಿಲ್ಲ. ಸುಶ್ಮಿತ್ ಸೇನ್ ಗಿಟಾರ್, ಅಶೀಮ್ ಚಕ್ರವರ್ತಿ ತಬಲಾ ಮತ್ತು ಗಾಯನ, ರಾಹುಲ್ ರಾಮ್ ಬೇಸ್ ಗಿಟಾರ್ ಮತ್ತು ಗಾಯನ, ಅಮಿತ್ ಕಿಲಮ್ ಡ್ರಮ್ಸ್ ಮತ್ತು ಗಾಯನ: ಇವರು ನಾಲ್ವರು. ಸುಶ್ಮಿತ್ ಮತ್ತು ಅಶೀಮ್ 1984ರಿಂದಲೇ ಜೊತೆಯಾಗಿ ನುಡಿಸುತ್ತಿದ್ದವರು. ತಂಡಕ್ಕೆ ಈ ಹೆಸರು ಬಂದದ್ದು 1990ರಲ್ಲಿ. ರಾಹುಲ್ 1991ರಲ್ಲಿ, ಅಮಿತ್ 1994ರಲ್ಲಿ ಸೇರಿಕೊಂಡರು. ದೆಹಲಿಯ ಕರೋಲ್ ಬಾಗ್‌ನ ಖಜೂರ್ ರಸ್ತೆಯಲ್ಲಿದ್ದ ಒಂದು ಹಳೆಯ ಮನೆ ಇವರ ಅಭ್ಯಾಸದ ತಾಣವಾಗಿತ್ತು. ‘ಕಂದೀಸಾ’ ಬರುವ ಹೊತ್ತಿಗೆ ಈ ನಾಲ್ವರೂ ವರ್ಷಗಳ ಕಾಲ ಒಂದೇ ಸೂರಿನಡಿ ಕುಳಿತು ನುಡಿಸಿದ್ದರು, ಮತ್ತು ಆ ವರ್ಷಗಳು ಆಲ್ಬಮ್ಮಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ.

ಎಲ್ಲಿ ಕೇಳಿಸುತ್ತವೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಒಂದೇ ತಂಡದಲ್ಲಿ ತಬಲಾ ಮತ್ತು ಡ್ರಮ್ಸ್ ಎರಡೂ ಇರುವುದು ಸುಲಭದ ಏರ್ಪಾಡಲ್ಲ. ಡ್ರಮ್ಸ್‌ನ ಸದ್ದು ದೊಡ್ಡದು. ಕೋಲಿನ ಪೆಟ್ಟಿನ ಮುಂದೆ ಬೆರಳಿನ ಪೆಟ್ಟು ಮುಳುಗಿಹೋಗುತ್ತದೆ. ಎಷ್ಟೋ ಬೆಸುಗೆ (ಫ್ಯೂಷನ್) ಸಂಗೀತದ ಕಛೇರಿಗಳಲ್ಲಿ ತಬಲಾ ವಾದಕರು ವೇದಿಕೆಯ ಅಲಂಕಾರವಾಗಿ ಕುಳಿತಂತೆ ಕಾಣುವುದಕ್ಕೆ ಇದೇ ಕಾರಣ. ‘ಕಂದೀಸಾ’ದಲ್ಲಿ ಅಮಿತ್ ತಮ್ಮ ಪೆಟ್ಟುಗಳನ್ನು ಎಣಿಸಿ ಖರ್ಚು ಮಾಡುತ್ತಾರೆ. ತಾಳದ ಹೊರಗೆರೆಯನ್ನು ಎಳೆದು ಒಳಗಿನ ಜಾಗವನ್ನು ಅಶೀಮ್ ಅವರಿಗೆ ಬಿಡುತ್ತಾರೆ. ಆ ಜಾಗದಲ್ಲಿ ತಬಲಾ ಮಾತನಾಡುತ್ತದೆ. ಎಲ್ಲರೂ ಒಟ್ಟಿಗೆ ಏರಬೇಕಾದ ಘಳಿಗೆ ಬಂದಾಗ ಮಾತ್ರ ಡ್ರಮ್ಸ್ ಪೂರ್ತಿ ತೆರೆದುಕೊಳ್ಳುತ್ತದೆ, ಆಗ ಅದರ ಪರಿಣಾಮ ಇಮ್ಮಡಿಯಾಗುತ್ತದೆ. ಇನ್ನು ಅಶೀಮ್ ಅವರು ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ನಮ್ಮ ಶಾಸ್ತ್ರೀಯ ಸಂಪ್ರದಾಯದಲ್ಲಿ ತಬಲಾದವರದು ಸಾಥಿಯ ಸ್ಥಾನ. ಹಾಡುವವರು ಬೇರೆ, ತಾಳ ಕೊಡುವವರು ಬೇರೆ. ಇಲ್ಲಿ ಒಂದೇ ದೇಹದಿಂದ ಎರಡೂ ಹೊರಡುವುದರಿಂದ ಪದ ಎಲ್ಲಿ ನಿಲ್ಲಬೇಕು, ಪೆಟ್ಟು ಎಲ್ಲಿ ಬೀಳಬೇಕು ಎಂಬುದರಲ್ಲಿ ಕೂದಲೆಳೆಯಷ್ಟೂ ಅಂತರ ಉಳಿಯುವುದಿಲ್ಲ.

ಸುಶ್ಮಿತ್ ಅವರ ಗಿಟಾರ್ ಇನ್ನೊಂದು ಬಗೆಯದು. ಕಾಲೇಜು ಉತ್ಸವಗಳ ರಾಕ್ ತಂಡಗಳಲ್ಲಿ ಕೇಳಿಬರುತ್ತಿದ್ದ ಗಿಟಾರಿನಂತೆ ಅದು ಅಬ್ಬರಿಸುವುದಿಲ್ಲ. ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ ಒಂದು ಪುಟ್ಟ ವಿನ್ಯಾಸವನ್ನು ಕಟ್ಟಿ, ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತ, ಪ್ರತಿ ಸುತ್ತಿನಲ್ಲಿಯೂ ಒಂದೆರಡು ಸ್ವರಗಳನ್ನು ಬದಲಿಸುತ್ತ ಹೋಗುತ್ತದೆ. ಕೇಳುವವರಿಗೆ ಸಿತಾರ್, ಸರೋದ್‌ಗಳ ನೆನಪು ಬರುತ್ತದೆ, ಆದರೆ ಅದು ಅವುಗಳ ಅನುಕರಣೆಯೆಂದು ಅನ್ನಿಸುವುದಿಲ್ಲ. ಬೇಸ್ ಗಿಟಾರ್ ಸಾಮಾನ್ಯವಾಗಿ ತಳದಲ್ಲಿ ಆಧಾರವಾಗಿ ನಿಲ್ಲುವ ವಾದ್ಯ. ರಾಹುಲ್ ಅವರ ಕೈಯಲ್ಲಿ ಅದು ಆಗಾಗ ಮೇಲೆ ಬಂದು ರಾಗದ ಎಳೆಯನ್ನೇ ಹಿಡಿಯುತ್ತದೆ.

ಗಾಯಕರ ಅಭಿಮಾನಿ ಒಂದು ಕಂಠವನ್ನು ಪ್ರೀತಿಸುತ್ತಾನೆ. ಬ್ಯಾಂಡಿನ ಅಭಿಮಾನಿ ಪ್ರೀತಿಸುವುದು ಕೆಲವು ಮನುಷ್ಯರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ರೀತಿಯನ್ನು. ಅದು ಕಿವಿಗೆ ಹತ್ತುವುದು ಒಂದು ಹಾಡಿನಿಂದಲ್ಲ, ಇಡೀ ಆಲ್ಬಮ್ಮಿನಿಂದ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ಹಾಡು ಚೆನ್ನಾಗಿದ್ದರೆ ಅದಕ್ಕೆ ನೂರು ಕಾರಣಗಳಿರಬಹುದು: ಸಾಹಿತ್ಯ, ರಾಗ, ಕೇಳಿದ ಸಂದರ್ಭ. ಏಳು ಬೇರೆ ಬೇರೆ ಹಾಡುಗಳಲ್ಲಿ, ಬೇರೆ ಬೇರೆ ಭಾಷೆ ಮತ್ತು ಲಯಗಳಲ್ಲಿ, ಅದೇ ನಾಲ್ವರು ಅದೇ ಎಚ್ಚರದಿಂದ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವುದನ್ನು ಕೇಳಿದ ಮೇಲೆ ಮನಸ್ಸು ಹಾಡಿನಿಂದ ತಂಡದ ಕಡೆಗೆ ತಾನಾಗಿ ಹೊರಳುತ್ತದೆ. ನನಗೆ ಆ ತಿರುವು ಬಂದದ್ದು ‘ಲೀವಿಂಗ್ ಹೋಮ್’ ಎಂಬ ಹಾಡಿನಲ್ಲಿ. ಮೊದಮೊದಲು ಅದು ನನಗೆ ಮುಂದಿನ ಹಾಡಿಗೆ ಕಾಯುವ ಹೊತ್ತಷ್ಟೇ ಆಗಿತ್ತು. ಗಿಟಾರಿನ ಆ ಸುರುಳಿಯನ್ನು ಅರೆಗಿವಿಯಲ್ಲಿ ಕೇಳುತ್ತಿದ್ದೆ. ಕ್ಯಾಸೆಟ್ಟಿನಲ್ಲಿ ಒಂದು ಹಾಡನ್ನು ದಾಟಿಸಬೇಕೆಂದರೆ ಟೇಪನ್ನು ಅಂದಾಜಿನ ಮೇಲೆ ಮುಂದಕ್ಕೆ ಓಡಿಸಿ ಹುಡುಕಬೇಕಾಗಿತ್ತು. ಅದಕ್ಕಿಂತ ಕೇಳಿಬಿಡುವುದೇ ವಾಸಿ ಎಂದು ಬಿಟ್ಟ ಹಾಡು ಕ್ರಮೇಣ ಇಡೀ ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾಯಿತು. ಗಿಟಾರ್ ಅದೇ ವಿನ್ಯಾಸವನ್ನು ತಿರುಗಿಸುತ್ತಿರುವಾಗ ಅದರ ಅಡಿಯಲ್ಲಿ ತಾಳ ಹೇಗೆ ಬಗೆಬಗೆಯಾಗಿ ಬದಲಾಗುತ್ತದೆ ಎಂಬುದು ಒಮ್ಮೆ ಕಿವಿಗೆ ಬಿದ್ದಮೇಲೆ, ಅದನ್ನು ಕೇಳದೆ ಇರುವುದು ಸಾಧ್ಯವಾಗಲಿಲ್ಲ.

ಪ್ರಶ್ನೆ: ನಮ್ಮದು ಕೇರಳದಿಂದ ಬಂದು ಇಲ್ಲಿ ಕೃಷಿ ಮಾಡಿ ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬ. ‘ಕಂದೀಸಾ’ ಹಾಡು ಕೇಳಿದ ನನ್ನ ಅಜ್ಜಿ, ಇದು ಚರ್ಚಿನ ಪ್ರಾರ್ಥನೆ, ಇದಕ್ಕೆ ಡ್ರಮ್ಸ್ ಏಕೆ ಎಂದು ಕೇಳಿದರು. ನಿಜವೇ?
— ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ನಿಮ್ಮ ಅಜ್ಜಿಯವರು ಹೇಳಿದ್ದು ಸರಿ. ಅರಮಾಯಿಕ್ ಭಾಷೆಯ ಕವಲಾದ ಸಿರಿಯಾಕ್‌ನಲ್ಲಿರುವ ಪ್ರಾರ್ಥನೆ ಅದು. ಪರಿಶುದ್ಧನಾದ ದೇವರೇ, ಪರಿಶುದ್ಧನಾದ ಬಲಶಾಲಿಯೇ, ಪರಿಶುದ್ಧನಾದ ಅಮರನೇ ಎಂದು ಮೂರು ಬಾರಿ ಕರೆಯುವ ಈ ಸ್ತುತಿ ಪೂರ್ವದ ಕ್ರೈಸ್ತ ಸಭೆಗಳಲ್ಲಿ ಬಹಳ ಪುರಾತನವಾದದ್ದು. ಕೇರಳದ ಸಿರೋ–ಮಲಬಾರ್ ಸಭೆಯ ಆರಾಧನೆ 1960ರ ದಶಕದಲ್ಲಿ ಮಲಯಾಳಕ್ಕೆ ಹೊರಳುವ ತನಕ ಸಿರಿಯಾಕ್‌ನಲ್ಲಿಯೇ ನಡೆಯುತ್ತಿತ್ತು. ಆದ್ದರಿಂದ ನಿಮ್ಮ ಅಜ್ಜಿಯವರ ಪೀಳಿಗೆಗೆ ಆ ಪದಗಳು ಬಾಲ್ಯದ ಪದಗಳು. ಅವರು ಮೊದಲ ಸಾಲಿನಲ್ಲಿಯೇ ಗುರುತು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಡ್ರಮ್ಸ್ ಏಕೆ ಎಂಬ ಅವರ ಪ್ರಶ್ನೆಯನ್ನು ನಾನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ. ದೇವರ ಮುಂದೆ ಹೇಳುವ ಮಾತನ್ನು ವೇದಿಕೆಗೆ ತಂದಾಗ ಅದು ಹಗುರಾಗಬಾರದು ಎಂಬ ಆತಂಕ ನ್ಯಾಯವಾದದ್ದು. ಅವರಿಗೆ ಹಾಡನ್ನು ಕೊನೆಯ ತನಕ ಕೇಳಿಸಿ ನೋಡಿ. ತಂಡ ಆ ಪ್ರಾರ್ಥನೆಯನ್ನು ಅವಸರಪಡಿಸಿಲ್ಲ; ತಗ್ಗಿದ ದನಿಯಲ್ಲಿ, ಪದಪದವನ್ನೂ ಇಡಿಯಾಗಿ ಉಚ್ಚರಿಸುತ್ತ, ಒಂದು ದನಿಯ ಮೇಲೆ ಇನ್ನೊಂದು ದನಿಯನ್ನು ಇರಿಸುತ್ತ ಅದನ್ನು ಮೇಲಕ್ಕೆ ಒಯ್ಯುತ್ತದೆ, ಆವೇಶ ಬರುವುದು ಆಮೇಲೆ. ನಮ್ಮ ಕಡೆಯ ಭಜನೆಗಳಲ್ಲಿ ನಿಧಾನಗತಿಯಲ್ಲಿ ಎತ್ತಿಕೊಂಡ ನಾಮ ಕೊನೆಗೆ ದ್ರುತಗತಿಗೆ ಏರುವುದನ್ನು ಕೇಳಿದವರಿಗೆ ಈ ಏರಿಕೆ ಅಪರಿಚಿತವಲ್ಲ. ಹಾಡಿದವರು ಆ ಮತಕ್ಕೆ ಸೇರಿದವರಲ್ಲ, ಆ ಭಾಷೆಯನ್ನು ಆಡುವವರೂ ಅಲ್ಲ. ಆದರೂ ಭಾರತದ ಅಸಂಖ್ಯ ಯುವಕರಿಗೆ ಹೀಗೊಂದು ಪ್ರಾರ್ಥನೆ ನಮ್ಮ ನೆಲದಲ್ಲಿಯೇ ಶತಮಾನಗಳಿಂದ ಉಳಿದುಕೊಂಡಿದೆ ಎಂದು ತಿಳಿದದ್ದು ಈ ಹಾಡಿನಿಂದ. ಅದು ಆ ಪ್ರಾರ್ಥನೆಗೆ ಸಂದ ಗೌರವವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ: ಈ ತಂಡದ ಡ್ರಮ್ಸ್ ವಾದಕರು ಕಂಕುಳಲ್ಲಿ ಇರುಕಿಕೊಂಡು ತಂತಿ ಮೀಟುವ ಒಂದು ವಾದ್ಯ ನುಡಿಸುವುದನ್ನು ವಿಡಿಯೊದಲ್ಲಿ ನೋಡಿದೆ. ನಮ್ಮ ಕಡೆ ಜೋಗತಿಯರು ನುಡಿಸುವ ಚೌಡಿಕೆಯಂತೆಯೇ ಕೇಳಿಸಿತು. ಎರಡೂ ಒಂದೆಯೇ?
— ಓದುಗರೊಬ್ಬರು, ಸವದತ್ತಿ

ಉತ್ತರ: ನಿಮ್ಮ ಕಿವಿ ಬಹಳ ಸೂಕ್ಷ್ಮವಾಗಿದೆ. ಅಮಿತ್ ಕಿಲಮ್ ನುಡಿಸುವುದು ಗಬಗುಬಿ ಎಂಬ ವಾದ್ಯವನ್ನು. ಖಮಕ್ ಎಂದೂ ಅದನ್ನು ಕರೆಯುತ್ತಾರೆ. ಅದು ಊರೂರು ಅಲೆಯುತ್ತ ಹಾಡುವ ಬಂಗಾಳದ ಸಾಧಕರಾದ ಬಾವುಲರ ಸಂಗಾತಿ. ಅದೂ ಚೌಡಿಕೆಯೂ ಒಂದೇ ಬಳಗದ ವಾದ್ಯಗಳು: ಎರಡರಲ್ಲಿಯೂ ಒಂದು ಮರದ ಕೊಳಗವಿರುತ್ತದೆ, ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಆ ಚರ್ಮದ ನಡುವಿನಿಂದ ತಂತಿ ಹೊರಡುತ್ತದೆ. ತಂತಿಯನ್ನು ಮೀಟಿದರೆ ಚರ್ಮವೂ ಕೂಡ ಕಂಪಿಸುವುದರಿಂದ ತಾಳ ಮತ್ತು ಸ್ವರ ಎರಡೂ ಒಟ್ಟಿಗೆ ಬರುತ್ತವೆ.

ವ್ಯತ್ಯಾಸವಿರುವುದು ತಂತಿಯ ಇನ್ನೊಂದು ತುದಿಯಲ್ಲಿ. ಚೌಡಿಕೆಯಲ್ಲಿ ಕೊಳಗಕ್ಕೆ ಜೋಡಿಸಿದ ಕೋಲಿನ ತುದಿಗೆ ತಂತಿಯನ್ನು ಕಟ್ಟಿರುತ್ತಾರೆ. ಗಬಗುಬಿಯಲ್ಲಿ ಅಂತಹ ಕೋಲಿಲ್ಲ. ತಂತಿಯ ತುದಿಯಲ್ಲಿ ಒಂದು ಪುಟ್ಟ ಹಿಡಿಯಿದ್ದು, ವಾದಕರು ಅದನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಾರೆ, ಬಲಗೈಯಿಂದ ಮೀಟುತ್ತಾರೆ. ಎಳೆದಷ್ಟೂ ಶ್ರುತಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಸ್ವರಸ್ಥಾನಗಳ ಗುರುತು ಎಲ್ಲಿಯೂ ಇಲ್ಲ. ಎಷ್ಟು ಎಳೆಯಬೇಕೆಂಬುದನ್ನು ತೋಳಿಗೆ ಅಭ್ಯಾಸ ಮಾಡಿಸಬೇಕು. ಡ್ರಮ್ಸ್ ಹಿಂದೆ ಕುಳಿತ ಕಲಾವಿದರು ಎದ್ದು ಬಂದು ಇದನ್ನು ಕೈಗೆತ್ತಿಕೊಂಡಾಗ ತಂಡದ ಇಡೀ ನಾದವೇ ಬದಲಾಗುತ್ತದೆ. ರೇಣುಕಾ ಎಲ್ಲಮ್ಮನ ಪದಗಳನ್ನು ಚೌಡಿಕೆಯೊಂದಿಗೆ ಕೇಳಿ ಬೆಳೆದ ನಿಮಗೆ, ಆ ನಾದ ರಾಕ್ ತಂಡದ ನಡುವೆ ಕೇಳಿಬಂದಾಗ ಆದ ಸಂತೋಷವನ್ನು ನಾನು ಊಹಿಸಬಲ್ಲೆ.

ಪ್ರಶ್ನೆ: ತಂಡದ ರಾಹುಲ್ ರಾಮ್ ಅವರು ಕನ್ನಡದ ಮನೆತನದವರೆಂದು ಒಬ್ಬರು ಹೇಳಿದರು. ಇದರಲ್ಲಿ ಸತ್ಯವೆಷ್ಟು?
— ಓದುಗರೊಬ್ಬರು, ಮೈಸೂರು

ಉತ್ತರ: ಪೂರ್ತಿ ಸತ್ಯ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಚ್.ವೈ. ಮೋಹನರಾಮ್ ಅವರ ಮಗ ಇವರು. ಎಚ್.ವೈ. ಎಂಬ ಇನಿಷಿಯಲ್‌ಗಳು ಹೊಳೆನರಸೀಪುರ ಮತ್ತು ಯೋಗಾನರಸಿಂಹ ಎಂಬ ಹೆಸರುಗಳನ್ನು ಸೂಚಿಸುತ್ತವೆ. ಹೊಳೆನರಸೀಪುರದ ಯೋಗಾನರಸಿಂಹ ಅವರು ಸಂಸ್ಕೃತ ವಿದ್ವಾಂಸರು ಮತ್ತು ಕರ್ನಾಟಕ ಸಂಗೀತದ ವಾಗ್ಗೇಯಕಾರರು. ರಾಹುಲ್ ಅವರಿಗೆ ತಾತ. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ, ಶಿವರಾಮ ಕಾರಂತರ ಕೃತಿಗಳನ್ನು ಇಂಗ್ಲಿಷಿಗೆ ಅನುವಾದಿಸಿದ ಎಚ್.ವೈ. ಶಾರದಾ ಪ್ರಸಾದ್ ಅವರು ದೊಡ್ಡಪ್ಪ.

ಮನೆತನದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಮೋಹನರಾಮ್ ಅವರ ಸಂಶೋಧನೆಯ ಒಂದು ಮುಖ್ಯ ಭಾಗ ರಭಸದಿಂದ ಹರಿಯುವ ನದಿಗಳ ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಸಸ್ಯಗಳ ಕುರಿತಾದದ್ದು. ಮಗ ರಾಹುಲ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರದಲ್ಲಿನ ವಿಷಪದಾರ್ಥಗಳ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದು ಬಂದವರು, ಮತ್ತು 1990ರ ದಶಕದಲ್ಲಿ, ನರ್ಮದೆಗೆ ಕಟ್ಟುತ್ತಿದ್ದ ಅಣೆಕಟ್ಟೆಯನ್ನು ವಿರೋಧಿಸಿದ ನರ್ಮದಾ ಬಚಾವೊ ಆಂದೋಲನದ ಕಾರ್ಯಕರ್ತರಾಗಿ ಆ ನದಿಯ ಕಣಿವೆಯಲ್ಲಿ ಓಡಾಡಿದವರು. ‘ಕಂದೀಸಾ’ದ ‘ಮಾ ರೇವಾ’ ಆ ಕಣಿವೆಯ ಜನಪದ ಹಾಡು. ರೇವಾ ಎಂದರೆ ನರ್ಮದೆ. ಅಮರಕಂಟಕದಲ್ಲಿ ಹುಟ್ಟಿ 1,300 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಖಂಭಾತ್ ಕೊಲ್ಲಿ ಸೇರುವ ಆ ನದಿಯನ್ನು ತಾಯಿಯೆಂದು ಕರೆದು, ಅವಳ ನಿರ್ಮಲವಾದ ನೀರು ಕಲಕಲ ಹರಿಯುವುದನ್ನು ಹಾಡು ಕೊಂಡಾಡುತ್ತದೆ. ಅದರಲ್ಲಿ ಅಣೆಕಟ್ಟೆಯ ವಿರುದ್ಧ ಒಂದು ಮಾತೂ ಇಲ್ಲ. ಆದರೂ ಹಳ್ಳಿಗಳು ಮುಳುಗುತ್ತಿದ್ದ ವರ್ಷಗಳಲ್ಲಿ, ಆ ಹಳ್ಳಿಗಳ ಬಾಯಿಂದಲೇ ಬಂದ ಹಾಡನ್ನು ನಗರದ ವೇದಿಕೆಗಳಲ್ಲಿ ಸಾವಿರಾರು ಜನ ಒಟ್ಟಾಗಿ ಹಾಡುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಇದೇ ಆಲ್ಬಮ್ಮಿನ ‘ಹಿಲ್ಲೆ ಲೇ’ ಕೂಡ ಕವಿ ಗೋರಖ್ ಪಾಂಡೆ ಅವರ ಭೋಜಪುರಿ ಹೋರಾಟದ ಹಾಡಿನಿಂದ ಬಂದದ್ದು. ನಮ್ಮಲ್ಲಿ ಬಂಡಾಯದ ಕಾಲದ ಹೋರಾಟದ ಹಾಡುಗಳನ್ನು ತಮಟೆಯ ಪೆಟ್ಟಿಗೆ ಕೇಳಿದವರು ಅದರ ಧಾಟಿಯನ್ನು ತಟ್ಟನೆ ಗುರುತಿಸುತ್ತಾರೆ.

ನಮ್ಮ ಊರಿನ ಮನೆತನವೆಂಬ ಹೆಮ್ಮೆ ಇರಲಿ. ಅದಕ್ಕಿಂತ ಹೆಚ್ಚಿನ ಹೆಮ್ಮೆ, ನದಿಯ ಜೊತೆ ನಿಂತವರೇ ನದಿಯ ಹಾಡನ್ನು ಹಾಡಿದ್ದಾರೆ ಎಂಬುದಕ್ಕೆ ಸಲ್ಲಬೇಕು. ಅಭಿಮಾನಿಯೊಬ್ಬ ತಂಡವನ್ನು ನಂಬುವುದು ಇಂತಹ ಕಡೆಗಳಲ್ಲಿ.

ಪ್ರಶ್ನೆ: ನಾನು ಇಪ್ಪತ್ತರ ಪ್ರಾಯದವಳು. ಹಾಡುಗಳನ್ನು ಕೇಳುವುದೆಲ್ಲ ಮೊಬೈಲಿನಲ್ಲಿ, ಬಸ್ಸಿನಲ್ಲಿ. ಇಷ್ಟವಾಗದಿದ್ದರೆ ಅರ್ಧ ನಿಮಿಷದಲ್ಲಿ ಮುಂದಿನ ಹಾಡಿಗೆ ಹೋಗುತ್ತೇನೆ. ನಮಗೂ ಹೀಗೆ ಒಂದು ಆಲ್ಬಂ ಸಿಗುವುದುಂಟೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಸಿಗುತ್ತದೆ. ಕ್ಯಾಸೆಟ್ಟಿನ ಕಾಲದ ಕೇಳುಗರು ನಿಮಗಿಂತ ತಾಳ್ಮೆಯುಳ್ಳವರಾಗಿದ್ದರು ಎಂದು ನಾನು ಹೇಳುವುದಿಲ್ಲ. ಹಾಡನ್ನು ದಾಟಿಸುವ ಅನುಕೂಲ ನಮಗೆ ಇರಲಿಲ್ಲ, ಅಷ್ಟೆ. ನಿಮಗೆ ಆ ಅನುಕೂಲವಿರುವುದರಿಂದ ಅದನ್ನು ಬಳಸದಿರುವ ತೀರ್ಮಾನವನ್ನು ನೀವೇ ಮಾಡಬೇಕಾಗುತ್ತದೆ.

ಒಂದು ಆಲ್ಬಂ ಆರಿಸಿಕೊಂಡು ಅದರ ಹಾಡುಗಳನ್ನು ಕಲಾವಿದರು ಇಟ್ಟ ಕ್ರಮದಲ್ಲಿಯೇ, ಮನೆಯಲ್ಲಿ ಗದ್ದಲವಿಲ್ಲದ ಹೊತ್ತಿನಲ್ಲಿ ಕೇಳಿ. ‘ಕಂದೀಸಾ’ವನ್ನೇ ಆರಿಸಿಕೊಂಡರೆ, ಅದರ ಹಾಡುಗಳು ಚಿತ್ರಗೀತೆಗಳಿಗಿಂತ ಸಾಕಷ್ಟು ದೀರ್ಘವಾದವು ಎಂಬುದು ಮೊದಲೇ ತಿಳಿದಿರಲಿ. ಅರ್ಧ ನಿಮಿಷದಲ್ಲಿ ಅವು ತಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ. ‘ಖಜುರಾಹೊ’ದಂತಹ ಹಾಡು ಬಿಚ್ಚಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೊದಲ ಸಲ ಸುಮ್ಮನೆ ಕೇಳಿ. ಮುಂದಿನ ಸಲ ಕೇಳುವಾಗ ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಆದ್ದರಿಂದ ಇಯರ್‌ಫೋನ್ ಅಥವಾ ದೊಡ್ಡ ಸ್ಪೀಕರ್ ಬಳಸಿ. ಆಮೇಲೆ ತಬಲಾವನ್ನು ಹಿಂಬಾಲಿಸಿ, ಆಮೇಲೆ ಡ್ರಮ್ಸ್. ಹೀಗೆ ಒಂದೊಂದನ್ನೇ ಬೇರೆಯಾಗಿ ಕೇಳಿ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಅದೇ ಹಾಡು ಹೊಸದಾಗಿ ಕಾಣುತ್ತದೆ. ಪದಗಳು ಅರ್ಥವಾಗದಿದ್ದರೆ ಚಿಂತೆ ಬೇಡ. ಸಿರಿಯಾಕ್ ತಿಳಿಯದ ಲಕ್ಷಾಂತರ ಮಂದಿ ಆ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

ಇಷ್ಟೆಲ್ಲ ಮಾಡಿಯೂ ಇಷ್ಟವಾಗದಿದ್ದರೆ ಬಿಟ್ಟುಬಿಡಿ, ಬೇರೊಂದು ತಂಡವನ್ನು ಹುಡುಕಿ. ನನ್ನ ಆಲ್ಬಂ ನಿಮ್ಮದೂ ಆಗಬೇಕೆಂಬ ಹಟ ನನಗಿಲ್ಲ.

ಪ್ರಶ್ನೆ: ಅಶೀಮ್ ತೀರಿಕೊಂಡರು, ಸುಶ್ಮಿತ್ ತಂಡ ಬಿಟ್ಟರು. ನಾಲ್ವರಲ್ಲಿ ಇಬ್ಬರು ಇಲ್ಲದ ಮೇಲೆ ಹೆಸರು ಮಾತ್ರ ಉಳಿದಂತಾಗಲಿಲ್ಲವೇ? ನಿಮ್ಮ ನಿಷ್ಠೆ ಈಗ ಯಾರಿಗೆ?
— ಓದುಗರೊಬ್ಬರು, ಹಾಸನ

ಉತ್ತರ: ಕಠಿಣವಾದ ಪ್ರಶ್ನೆ. ಈ ತಂಡವನ್ನು ಪ್ರೀತಿಸಿದವರೆಲ್ಲ ಇದನ್ನು ತಮಗೆ ತಾವೇ ಕೇಳಿಕೊಂಡಿದ್ದಾರೆ.

ಅಶೀಮ್ ಚಕ್ರವರ್ತಿ ಅವರು 2009ರ ಡಿಸೆಂಬರ್ 25ರಂದು ಹೃದಯಾಘಾತದಿಂದ ತೀರಿಕೊಂಡರು. ತಬಲಾ ನುಡಿಸುತ್ತ ಹಾಡುವ ಇನ್ನೊಬ್ಬರನ್ನು ತಂದು ಅವರ ಜಾಗದಲ್ಲಿ ಕೂರಿಸಲು ಸಾಧ್ಯವಿರಲಿಲ್ಲ. ತಂಡ ಅದನ್ನು ಒಪ್ಪಿಕೊಂಡಿತು, ಒಬ್ಬರ ಕೆಲಸವನ್ನು ಇಬ್ಬರಿಗೆ ಹಂಚಿತು: ತುಹೀನ್ ಚಕ್ರವರ್ತಿ ತಬಲಾಕ್ಕೆ ಬಂದರು, ಹಿಮಾಂಶು ಜೋಶಿ ಗಾಯನಕ್ಕೆ ಬಂದರು. 2013ರಲ್ಲಿ ಸುಶ್ಮಿತ್ ಹೊರಟಾಗ ಗಿಟಾರಿಗೆ ನಿಖಿಲ್ ರಾವ್ ಬಂದರು. ಮರುವರ್ಷ ಬಂದ ‘ತಂದಾನು’ ಆಲ್ಬಮ್ಮಿನಲ್ಲಿ ಶುಭಾ ಮುದ್ಗಲ್, ವಿಶ್ವಮೋಹನ ಭಟ್, ಶಂಕರ್ ಮಹಾದೇವನ್ ಮೊದಲಾದವರನ್ನು ಜೊತೆ ಸೇರಿಸಿಕೊಂಡು ತಂಡ ಮುಂದೆ ನಡೆಯಿತು.

ಗಾಯಕರೊಬ್ಬರು ತೀರಿಕೊಂಡರೆ ಅವರ ಹಾಡು ಅಲ್ಲಿಗೆ ನಿಲ್ಲುತ್ತದೆ. ಅಭಿಮಾನಿಗೆ ಉಳಿಯುವುದು ಧ್ವನಿಮುದ್ರಣಗಳು. ತಂಡದಲ್ಲಿ ಒಬ್ಬರು ಇಲ್ಲವಾದರೆ ಉಳಿದವರು ಆ ಖಾಲಿ ಜಾಗದ ಪಕ್ಕದಲ್ಲಿಯೇ ನಿಂತು ನುಡಿಸಬೇಕು. ಈಗಿನ ತಂಡ ‘ಕಂದೀಸಾ’ದ ತಂಡವಲ್ಲ, ಹಾಗೆಂದು ನಟಿಸುವುದೂ ಸರಿಯಲ್ಲ. ಸುಶ್ಮಿತ್ ಅವರ ಬೆರಳಿನ ಆ ಮೀಟು ಬೇರೆಯವರಿಗೆ ಬರುವಂಥದ್ದಲ್ಲ, ಅಶೀಮ್ ಅವರ ದನಿಯಲ್ಲಿದ್ದ ಆ ಮಣ್ಣಿನ ಗುಣವೂ ಹಾಗೆಯೇ. ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವ ಪದ್ಧತಿಯನ್ನು ಉಳಿದವರು ಬಿಟ್ಟಿಲ್ಲ, ಹೊಸಬರಿಗೂ ಅದು ಬಂದಿದೆ. ಸುಶ್ಮಿತ್ ಅವರ ಸ್ವತಂತ್ರ ಸಂಗೀತವನ್ನೂ ನಾನು ಕೇಳುತ್ತೇನೆ, ತಂಡದ ಹೊಸ ಹಾಡುಗಳನ್ನೂ ಕೇಳುತ್ತೇನೆ. ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕೆಂಬ ಒತ್ತಾಯ ಕೇಳುಗರ ಮೇಲೆ ಏಕಿರಬೇಕು ಎಂಬುದು ನನಗೆ ತಿಳಿಯದು.

ಪ್ರಶ್ನೆ: ಕನ್ನಡದಲ್ಲಿ ಇಂತಹ ಆಲ್ಬಂಗಳು ಬಂದಿಲ್ಲವೇ?
— ಓದುಗರೊಬ್ಬರು, ತುಮಕೂರು

ಉತ್ತರ: ಇಡಿಯಾಗಿ ಕೇಳುವ ಸಂಸ್ಕಾರ ನಮ್ಮಲ್ಲಿ ಹಳೆಯದು. 1978ರ ‘ನಿತ್ಯೋತ್ಸವ’ ಧ್ವನಿಸುರುಳಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಮನೆಮನೆಗೆ ಮುಟ್ಟಿಸಿತು; ಆಮೇಲೆ ಬಂದ ಭಾವಗೀತೆಗಳ ಕ್ಯಾಸೆಟ್ಟುಗಳಿಗೆ ದಾರಿ ಹಾಕಿಕೊಟ್ಟದ್ದು ಅದು. ಅಲ್ಲಿಯೂ ಕೇಳುಗರ ನಿಷ್ಠೆ ಕವಿ ಮತ್ತು ಗಾಯಕರಿಗೆ ಸಂದಿತು. ತಂಡದ ವಿಚಾರಕ್ಕೆ ಬಂದರೆ, 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹಲವರಿಗೆ ಆ ಬಾಗಿಲನ್ನು ತೆರೆಯಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಅದರಲ್ಲಿ ತಲೆಯೆತ್ತಿ ನಿಂತಿದೆ. ಮರುವರ್ಷ ಬಂದ ಸ್ವರಾತ್ಮ ತಂಡದ ಮೊದಲ ಆಲ್ಬಮ್ಮಿನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು: ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿಯೇ ಇರುವ, ಒಂದು ತಂಡ ವರ್ಷಗಟ್ಟಲೆ ಕೂಡಿ ನುಡಿಸಿ ಪಳಗಿಸಿದ ಆಲ್ಬಮ್ಮುಗಳು ಇನ್ನೂ ಹೆಚ್ಚಾಗಿ ಬರಬೇಕು. ಚೌಡಿಕೆಯನ್ನೂ ತಮಟೆಯನ್ನೂ ಕೈಗೆತ್ತಿಕೊಳ್ಳುವ ತರುಣರು ನಮ್ಮಲ್ಲಿ ಈಗ ಇದ್ದಾರೆ. ಅವರಿಗೆ ಕೇಳುಗರು ಬೇಕು.

ಪ್ರಶ್ನೆ: ‘ಕಂದೀಸಾ’ ಕೇಳಿ ಮೆಚ್ಚಿದ್ದೇನೆ. ಈ ತಂಡದ್ದೇ ಬೇರೆ ಯಾವ ಆಲ್ಬಮ್ಮುಗಳನ್ನು, ಯಾವ ಕ್ರಮದಲ್ಲಿ ಕೇಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ‘ಡೆಸರ್ಟ್ ರೇನ್’ ಕೇಳಿ. ಅದು ಸ್ಟುಡಿಯೊದಲ್ಲಿ ಸಿದ್ಧಪಡಿಸಿದ್ದಲ್ಲ. ಬೀದಿ ನಾಟಕದ ನಡುವೆ ಹಲ್ಲೆಗೊಳಗಾಗಿ ಮಡಿದ ಸಫ್ದರ್ ಹಾಶ್ಮಿ ಅವರ ನೆನಪಿನಲ್ಲಿ ದೆಹಲಿಯಲ್ಲಿ ಪ್ರತಿವರ್ಷ ನಡೆಯುವ ಕಾರ್ಯಕ್ರಮದಲ್ಲಿ, 1997ರ ಜನವರಿ 1ರಂದು ನುಡಿಸಿದ ಕಛೇರಿಯ ಧ್ವನಿಮುದ್ರಣ. ‘ಕಂದೀಸಾ’ದಲ್ಲಿ ನೀವು ಮೆಚ್ಚಿದ ಹೊಂದಾಣಿಕೆ ವೇದಿಕೆಯ ಮೇಲೆ, ತಿದ್ದುಪಡಿಗೆ ಅವಕಾಶವಿಲ್ಲದ ಕಡೆ ಹೇಗಿತ್ತು ಎಂಬುದು ಅಲ್ಲಿ ತಿಳಿಯುತ್ತದೆ. ಅದಾದ ಮೇಲೆ 2003ರ ‘ಝೀನಿ’. ಕಬೀರರ ನೇಯ್ಗೆಯ ಪದದ ಶೀರ್ಷಿಕೆ ಗೀತೆಗಾಗಿ ಮತ್ತು ‘ಭೋರ್’ ಎಂಬ ಹಾಡಿಗಾಗಿ ಅದನ್ನು ನಿಧಾನವಾಗಿ ಕೇಳಬೇಕು. ‘ಬ್ಲ್ಯಾಕ್ ಫ್ರೈಡೇ’ ಚಿತ್ರಕ್ಕೆ ಮಾಡಿದ ಸಂಗೀತ 2005ರಲ್ಲಿ ಬಂತು. ಪೀಯೂಷ್ ಮಿಶ್ರಾ ಬರೆದ ‘ಬಂದೇ’ ಹಾಡು ಅದರಲ್ಲಿದೆ. ಉಳಿದದ್ದಕ್ಕೆ ಪುರುಸೊತ್ತಿಲ್ಲದಿದ್ದರೆ ಅದೊಂದನ್ನಾದರೂ ಕೇಳಿ.

‘16/330 ಖಜೂರ್ ರೋಡ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅವರ ಅಭ್ಯಾಸದ ಮನೆಯ ವಿಳಾಸವೇ ಆ ಆಲ್ಬಮ್ಮಿನ ಹೆಸರು. 2010ರಿಂದ ಅದರ ಹಾಡುಗಳನ್ನು ಒಂದೊಂದಾಗಿ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ತಂಡ ಬಿಡುಗಡೆ ಮಾಡಿತು. ಅಶೀಮ್ ತೀರಿಕೊಳ್ಳುವ ಮೊದಲೇ ಮುದ್ರಿಸಿಕೊಂಡ ಅವರ ದನಿ ಮತ್ತು ತಬಲಾ ಅದರಲ್ಲಿವೆ. ನೀವು ಉಳಿದ ಆಲ್ಬಮ್ಮುಗಳನ್ನು ಮೊದಲು ಕೇಳಿ ಬಂದಿದ್ದರೆ, ಆ ದನಿಯ ಪಕ್ಕದಲ್ಲಿ ಉಳಿದ ಮೂವರು ಏನು ಮಾಡುತ್ತಿದ್ದಾರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.